ಕಪ್ಪೆ ಎಂಬ ಕೀಟವೂ ಬಿ.ಇ. ಪದವೀಧರನೂ

ನಮ್ಮಲ್ಲಿ ಯಾರು ಏನು ಓದಿ ಏನಾದರೂ ಹುಬ್ಬೇರಿಸುವವರಿಲ್ಲ. ಮೆಕ್ಯಾನಿಕಲ್ ಓದಿದವನು ಜಾವಾ ಬರೆಯುತ್ತಾನೆ, ಸಿವಿಲ್ ಓದಿದವಳು ಬ್ಯಾಂಕಿನಲ್ಲಿ ಕೂತು ಚಿನ್ನದ ಸಾಲ ಕೊಡುತ್ತಾಳೆ, ಬಿ.ಎಸ್ಸಿ. ಅಗ್ರಿ ಮುಗಿಸಿದವನು ಪಿಎಸ್ಐ ಆಗಿ ಲಾಠಿ ಹಿಡಿಯುತ್ತಾನೆ. ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿದವನು ಸ್ಟೆತಾಸ್ಕೋಪನ್ನು ಗೂಟಕ್ಕೆ ನೇತುಹಾಕಿ ಐಎಎಸ್ ಪಾಸಾದನೆಂದರೆ ಕೇಳಲೇಬೇಡಿ. ಊರ ಸರ್ಕಲ್ಲಿನಲ್ಲಿ ಫ್ಲೆಕ್ಸು, ಸಮುದಾಯ ಭವನದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಊರಿಗೊಬ್ಬ ಡಾಕ್ಟರ್ ಕಡಿಮೆಯಾದ ಎಂದು ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಆದರೆ ಅದೇ ದಾರಿಯಲ್ಲಿ ಎದುರಿನಿಂದ ಒಬ್ಬ ಬಂದು, "ಸಾಫ್ಟ್‌ವೇರ್ ಬಿಟ್ಟು ಡಾಕ್ಟರ್ ಆಗ್ತೀನಿ" ಅಂದನೋ, ಮನೆಯವರು ಹುಡುಕಿಕೊಂಡು ಹೋಗುವುದು ಡಾಕ್ಟರನ್ನೇ. ಮಾನಸಿಕ ತಜ್ಞರನ್ನು.

ನಮ್ಮ ರಸ್ತೆಯ ಹುಡುಗನೊಬ್ಬ ಹಾಗೆ ಅಂದುಬಿಟ್ಟಿದ್ದಾನೆ. ಹುಡುಗ ಎಂದರೆ ಮೂವತ್ತೆರಡು, ಕಿವಿಯ ಪಕ್ಕ ನರೆ, ಫ್ಲ್ಯಾಟಿನ ಇಎಂಐ ಇನ್ನೂ ಅರ್ಧ ಬಾಕಿ. ಅವನ ಸೋದರತ್ತೆ ಸುದ್ದಿ ಕೇಳಿದವರೇ ಓಡಿಬಂದರು. "ಪುಟ್ಟಾ, ಡಾಕ್ಟರ್ ಹುಡುಗೀನೇ ಬೇಕು ಅಂದಿದ್ರೆ ಹುಡುಕಿ ಕೊಡ್ತಿದ್ವಲ್ಲೋ, ನೀನೇ ಆಗ್ಬೇಕಾ?"

ಪಾಪ, ಕಾನೂನು ಅವನ ಪರವಾಗಿಯೇ ಇದೆ. 2017ರಲ್ಲಿ ನೀಟ್‌ಗೆ 25 ವರ್ಷದ ಗೆರೆ ಎಳೆದರು, ಮೀಸಲು ವರ್ಗದವರಿಗೆ 30. ಅದನ್ನು ಕೋರ್ಟುಗಳಲ್ಲಿ ವರ್ಷಗಟ್ಟಲೆ ಜಗ್ಗಾಡಿದ ಮೇಲೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಗೆರೆಯನ್ನು ಅಳಿಸಿತು. ಈಗ 17 ತುಂಬಿದ್ದರೆ ಸಾಕು, ಮೇಲಕ್ಕೆ ಮಿತಿಯೇ ಇಲ್ಲ. ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ 2020ರ ನೀಟ್ ಪಾಸು ಮಾಡಿ ಬುರ್ಲಾದ ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್‌ಗೆ ಸೇರಿದರು. ಬಾಗಿಲು ತೆರೆದಿದೆ, ನಿಜ. ಎತ್ತರವನ್ನು ಮಾತ್ರ ಹದಿನೇಳರ ಹುಡುಗರಿಗೆಂದು ಅಳೆದು ಮಾಡಿಸಿದ್ದಾರೆ. ಬೆಳೆದವರು ಬಗ್ಗಿಯೇ ಒಳಗೆ ಹೋಗಬೇಕು.

ಅಮೆರಿಕದಲ್ಲಿ ಮೊದಲು ಯಾವುದಾದರೊಂದು ಡಿಗ್ರಿ ಮುಗಿಸಿಯೇ ಮೆಡಿಕಲ್‌ಗೆ ಹೋಗುವುದು ರೂಢಿ. ಇತಿಹಾಸವೋ ಸಂಗೀತವೋ, ಯಾವುದನ್ನೇ ಓದಿರಲಿ, ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿದ್ದರೆ ಆಯಿತು. ಅಲ್ಲಿನ ಸಂದರ್ಶನದಲ್ಲಿ ಕೂರಿಸಿಕೊಂಡು, ಯಾಕೆ ಬಂದೆ ಎಂದೂ ಕೇಳುತ್ತಾರೆ. ನಮ್ಮಲ್ಲಿ ಬಿ.ಇ.ಗೆ ಸಿಗುವ ಅಂಕ ಸೊನ್ನೆ, ಹತ್ತು ವರ್ಷದ ನೌಕರಿಗೆ ಇನ್ನೊಂದು ಸೊನ್ನೆ. 180 ಪ್ರಶ್ನೆ, 720 ಅಂಕ. ಅದರಲ್ಲಿ "ಯಾಕಪ್ಪಾ ಡಾಕ್ಟರ್ ಆಗಬೇಕು ನಿನಗೆ?" ಎಂಬ ಪ್ರಶ್ನೆ ಒಂದೂ ಇಲ್ಲ. ಅದಕ್ಕೆ ನಾಲ್ಕು ಆಯ್ಕೆ ಕೊಟ್ಟು, ತಪ್ಪಾದರೆ ಒಂದು ಅಂಕ ಕಳೆಯುವುದು ಕಷ್ಟ. ಕೇಳಿದ್ದರೆ ಇವನ ಬಳಿ ಉತ್ತರ ಇತ್ತು: ಅಪ್ಪ ಐಸಿಯುನಲ್ಲಿದ್ದಾಗ ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ಕೂತು, ಡಾಕ್ಟರು ದಿನಕ್ಕೊಮ್ಮೆ ನಡೆಯುತ್ತ ನಡೆಯುತ್ತಲೇ ಹೇಳಿಹೋಗುತ್ತಿದ್ದ ಎರಡು ವಾಕ್ಯಗಳಿಗಾಗಿ ಕಾಯುತ್ತಿದ್ದಾಗ ಹುಟ್ಟಿದ ಉತ್ತರ. ಓಎಂಆರ್ ಹಾಳೆಯ ಗುಂಡಿಯೊಳಗೆ ಅದು ಹಿಡಿಸುವುದಿಲ್ಲ.

ಮೊದಲ ತೊಡಕು ಪಿಯುಸಿಯದು. ಇವನು ಆಗ ತೆಗೆದುಕೊಂಡದ್ದು ಪಿಸಿಎಂಸಿ. ಜೀವಶಾಸ್ತ್ರ ಎಂದರೆ ಜಿರಳೆ ಕೊಯ್ಯುವುದು ಎಂದು ಹೆದರಿ ಕಂಪ್ಯೂಟರ್ ಸೈನ್ಸ್ ಹಿಡಿದವನು. ಪಿಯುಸಿ ಮುಗಿದ ಮೇಲೂ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ನಡೆಯುತ್ತದೆ ಎಂದು ಆಯೋಗ 2023ರ ನವೆಂಬರಿನಲ್ಲಿ ಒಪ್ಪಿಕೊಂಡಿತು. ಹಾಗಾಗಿ ಹನ್ನೊಂದು ಜನರ ತಂಡಕ್ಕೆ ಅಪ್ರೈಸಲ್ ಬರೆಯುತ್ತಿದ್ದ ಕೈ ಈಗ ರೆಕಾರ್ಡ್ ಬುಕ್ಕಿನಲ್ಲಿ ದಾಸವಾಳದ ಎಲ್.ಎಸ್. ಬಿಡಿಸಿ, ಭಾಗಗಳನ್ನು ಎಚ್‌ಬಿ ಪೆನ್ಸಿಲಿನಲ್ಲಿ ಗುರುತಿಸುತ್ತಿದೆ.

ಜಿರಳೆಯ ಭಯ ಮಾತ್ರ ವ್ಯರ್ಥವಾಯಿತು. 2024ರ ನೀಟ್‌ಗೆಂದು ಆಯೋಗ ಹೊರಡಿಸಿದ ಪಠ್ಯಕ್ರಮದಲ್ಲಿ ಜಿರಳೆ ಇದ್ದ ಜಾಗಕ್ಕೆ ಕಪ್ಪೆ ಬಂದು ಕೂತಿದೆ. ಜಿರಳೆಯನ್ನು ಎತ್ತಿದವರು ಅದರ ಹಿಂದಿದ್ದ 'ಕೀಟ' ಎಂಬ ಪದವನ್ನು ಎತ್ತುವುದನ್ನು ಮರೆತರು. ಹೀಗಾಗಿ ದೇಶದ ಭಾವೀ ವೈದ್ಯರೆಲ್ಲ ಓದಬೇಕಾದದ್ದು ಒಂದು ಕೀಟದ, ಆವರಣದೊಳಗೆ ಕಪ್ಪೆಯ, ಜೀರ್ಣಾಂಗ, ರಕ್ತಪರಿಚಲನೆ ಇತ್ಯಾದಿ. ಇವನ ಬಿ.ಇ. ಉಪಯೋಗಕ್ಕೆ ಬಂದದ್ದು ಇದೊಂದೇ ಕಡೆ. ಓದಿದವನೇ ಗೊಣಗಿದನಂತೆ: "ಫೈಂಡ್ ಅಂಡ್ ರಿಪ್ಲೇಸ್ ಮಾಡಿದ್ದಾರೆ. ಟೆಸ್ಟಿಂಗ್ ಮಾಡಿಲ್ಲ."

ಆಮೇಲೆ ಲಾಂಗ್ ಟರ್ಮ್ ಬ್ಯಾಚು. ಕೋಚಿಂಗಿನ ಅರ್ಜಿಯಲ್ಲಿ ಪೋಷಕರ ಸಹಿ ಕಡ್ಡಾಯ. ಮೊಬೈಲನ್ನು ಬೆಳಿಗ್ಗೆ ಡಬ್ಬಿಗೆ ಹಾಕಿದರೆ ಸಂಜೆ ವಾಪಸ್. ಪ್ರತಿ ಭಾನುವಾರ ಅವನ ಅಮ್ಮನ ವಾಟ್ಸಾಪಿಗೆ ಸಂದೇಶ ಬರುತ್ತದೆ: "ಮಾನ್ಯ ಪೋಷಕರೇ, ಈ ವಾರದ ಟೆಸ್ಟಿನಲ್ಲಿ ನಿಮ್ಮ ಮಗ 312 ಅಂಕ ಪಡೆದಿದ್ದಾನೆ. ಮನೆಯಲ್ಲಿ ಗಮನ ಕೊಡಿ." ಅಮ್ಮ ಗಮನ ಕೊಡುತ್ತಾರೆ. ಇಎಂಐ ಕಟ್ಟುವ ಮಗನಿಗೆ ಕ್ರಿಕೆಟ್ ಹಚ್ಚಿದರೆ ರಿಮೋಟ್ ಕಸಿದುಕೊಳ್ಳುತ್ತಾರೆ.

ಪರೀಕ್ಷೆಯ ದಿನ ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ. ಶೂ ಕೂಡದು, ಕೈಗಡಿಯಾರ ಕೂಡದು, ಪೆನ್ನು ಅವರೇ ಕೊಡುತ್ತಾರೆ. ಇಷ್ಟನ್ನೂ ಪಾಲಿಸಿ ಗೇಟಿಗೆ ಹೋದರೆ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. "ಪೇರೆಂಟ್ಸ್ ಎಲ್ಲ ಆ ಮರದ ಕೆಳಗೆ ನಿಂತ್ಕೊಳ್ಳಿ ಸಾರ್." ಪ್ರವೇಶಪತ್ರ ತೋರಿಸಿದ ಮೇಲೂ ಆತ ಕೇಳಿದ ಪ್ರಶ್ನೆ: "ಮಗು ಎಲ್ಲಿ?"

ಈ ಸಲ ಅಂಕ ಸಾಲಲಿಲ್ಲ; ಮುಂದಿನ ವರ್ಷ ಮತ್ತೆ. ಇಷ್ಟು ಸಲ ಮಾತ್ರ ಎಂಬ ಲೆಕ್ಕವೂ ನೀಟ್‌ಗೆ ಇಲ್ಲ. ಈ ನಡುವೆ ಅವನು ಕೆಇಎ ಕೇಳುವ ಕಾಗದಪತ್ರ ಒಟ್ಟುಮಾಡಲು ಊರಿಗೆ ಹೋಗಿದ್ದ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪತ್ರ, ಹಳ್ಳಿಯಲ್ಲಿ ಓದಿದ್ದಕ್ಕೆ ಒಂದು, ಕನ್ನಡ ಮಾಧ್ಯಮಕ್ಕೆ ಇನ್ನೊಂದು, ಎಲ್ಲದರ ಮೇಲೂ ಬಿಇಒ ಸಾಹೇಬರ ರುಜು. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲಾತಿ, ಬಿಡುವುದುಂಟೆ? ಅವನು ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿ, ಹಾಜರಿ ಪುಸ್ತಕಗಳು ಪಕ್ಕದೂರಿನ ಶಾಲೆಯ ಬೀರುವಿನಲ್ಲಿದ್ದವು. ಅಲ್ಲಿನ ಹೆಡ್‌ಮೇಷ್ಟ್ರು ಧೂಳು ಕೊಡವಿ ಹೆಸರು ಹುಡುಕಿಕೊಟ್ಟು, "ಮಗನಿಗೆ ಯಾವ ಕೋರ್ಸು?" ಅಂದರಂತೆ. ಇವನಿಗೆ ಈಗ ಉತ್ತರಿಸಿ ಅಭ್ಯಾಸವಾಗಿದೆ: "ಮೆಡಿಕಲ್ ಸಾರ್. ಹುಡುಗ ಸ್ವಲ್ಪ ನಿಧಾನ."

ಸೀಟು ಸಿಕ್ಕರೆ ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷ, ಪಿ.ಜಿ. ಎಂದರೆ ಮತ್ತೆ ಮೂರು. ಲೆಕ್ಕ ಹಾಕಿದ ಬಂಧುಗಳು ಬೆರಳು ಸಾಲದೆ ಕೈಬಿಟ್ಟರು. ವಿಚಿತ್ರವೆಂದರೆ, ಹೀಗೆ ತಲೆ ಕೆಟ್ಟಿದೆ ಎಂದ ಬಂಧುಗಳೇ ಈಗ ಒಬ್ಬೊಬ್ಬರಾಗಿ ಲ್ಯಾಬ್ ರಿಪೋರ್ಟು ಹಿಡಿದು ಬರತೊಡಗಿದ್ದಾರೆ. ಚಿಕ್ಕಪ್ಪನದು ಕ್ರಿಯಾಟಿನೈನ್, ದೊಡ್ಡಮ್ಮನದು ಥೈರಾಯ್ಡ್. ಅವನು ಇನ್ನೂ ಸಸ್ಯಸಾಮ್ರಾಜ್ಯದಲ್ಲೇ ಅಲೆಯುತ್ತಿದ್ದಾನೆ, ಹಾವಸೆ ದಾಟಿ ಜರಿಗಿಡದ ಹತ್ತಿರ ಬಂದಿದ್ದಾನೆ ಎಂದರೆ ಕೇಳುವವರಾರು? ಮೊನ್ನೆ ಸೋದರತ್ತೆಯೂ ಬಂದರು. ಇನ್ನು ಎಂಟು ಹತ್ತು ವರ್ಷ ಬೇಕತ್ತೆ ಎಂದು ಅವನು ಕೈ ಮುಗಿದರೆ, ಸೀರೆಯ ನೆರಿಗೆಯನ್ನು ಮಂಡಿಯವರೆಗೆ ಸರಿಸಿ ಕಾಲು ಮುಂದೆ ಚಾಚಿದರು. "ಓದ್ಕೋಪ್ಪ, ನಿಧಾನಕ್ಕೆ ಓದ್ಕೋ. ಅಲ್ಲೀವರೆಗೂ ಇದಕ್ಕೆ ಏನು ಹಚ್ಚಲಿ ಹೇಳು."