ಗಾಳದವನ ಸುದಿನ

ಮೆಟ್ಟೂರು ಹಿನ್ನೀರಿನ ದಡದಲ್ಲಿ ಗಾಳ ಹಾಕಿ ಕೂತವನನ್ನು ಮಾತಾಡಿಸದೆ ಮುಂದಕ್ಕೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ. ಕೊಳತ್ತೂರು, ಪಾಲಾರ್ ದಾಟಿ ಮಾದಪ್ಪನ ಬೆಟ್ಟಕ್ಕೆ ಹೊರಟ ಬೈಕಿನವರು ಕೂಡ, ದೇವರು ಹತ್ತು ನಿಮಿಷ ಕಾಯಲಿ ಎಂದು ಗಾಡಿ ನಿಲ್ಲಿಸಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಇಳಿದು ಬರುತ್ತಾರೆ. "ಏನಣ್ಣಾ, ಬಿತ್ತಾ?" ಇಲ್ಲ ಎಂದರೆ ಎರೆಹುಳು ಸರಿಯಿಲ್ಲ ಎಂಬ ಬುದ್ಧಿವಾದ. ಒಂದು ಜಿಲೇಬಿ ಮೀನು ಸಿಕ್ಕಿದೆ ಎಂದರೆ "ಅಯ್ಯೋ, ಅಷ್ಟೇನಾ?" ದೊಡ್ಡ ಕಟ್ಲಾ ಬಿದ್ದಿದ್ದರಂತೂ ನೇರ ವ್ಯಾಪಾರ: "ಕೆಜಿ ಎಷ್ಟಕ್ಕೆ ಕೊಡ್ತೀರಿ?" ಮೂರರಲ್ಲಿ ಯಾವ ಉತ್ತರ ಕೊಟ್ಟರೂ ಕೂತವನಿಗೆ ಮರ್ಯಾದೆಯಿಲ್ಲ. ಯಾರೂ ಏನೂ ಕೇಳದ ದಿನವೇ ಗಾಳದವನ ಸುದಿನ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳುವವರಲ್ಲಿ ಎಲ್ಲರಿಗಿಂತ ಗಟ್ಟಿಗರು ನೀರಿನ ಮಟ್ಟ ಬಲ್ಲವರು. ಸೇಲಂ, ಧರ್ಮಪುರಿ ಕಡೆ ಕಾಫಿ ಆರಿದರೂ ಸರಿ, ಪೇಪರಿನಲ್ಲಿ ಮೊದಲು ಅಣೆಕಟ್ಟಿನ ಮಟ್ಟ ನೋಡುವವರ ಒಂದು ಪಂಗಡವೇ ಇದೆ. 1934ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಪೂರ್ಣ ಮಟ್ಟ 120 ಅಡಿ, ಹಿಡಿಸುವುದು 93.47 ಟಿಎಂಸಿ, ಹೆಂಡತಿಯ ಹುಟ್ಟಿದ ದಿನ ಮರೆತರೂ ಇವರಿಗೆ ಇದು ಮರೆಯದು. ಬಿಳಿಗುಂಡ್ಲುವಿನಲ್ಲಿ ಎಷ್ಟು ಕ್ಯೂಸೆಕ್ಸ್ ಹರಿಯುತ್ತಿದೆ, ಹೊಗೇನಕಲ್ಲಿನಲ್ಲಿ ಪರಿಸಲು (ಹರಿಗೋಲು) ನಿಲ್ಲಿಸಿದರಾ, ವಾಡಿಕೆಯಂತೆ ಜೂನ್ 12ಕ್ಕೆ ಡೆಲ್ಟಾದ ಗದ್ದೆಗಳಿಗೆ ನೀರು ಬಿಡುತ್ತಾರಾ, ಎಲ್ಲ ಒಪ್ಪಿಸಿ ಕೊನೆಗೆ ತೀರ್ಪು: "ನೀರು ಏರ್ತಾ ಇದ್ರೆ ಮೀನು ಹೊಸ ಹುಲ್ಲು ಮೇಯೋಕೆ ದಡಕ್ಕೆ ಬರುತ್ತೆ. ಇಳೀತಾ ಇದ್ರೆ ನೀವು ಮನೆಗೆ ಹೋಗೋದು ವಾಸಿ." ಮಾತು ನಿಜವೇ. ಆದರೆ ನನ್ನ ಮನೆಮಾತು ಕನ್ನಡ ಎಂದು ಗೊತ್ತಾಯಿತೋ, ಕೆಆರ್‌ಎಸ್ ಗೇಟಿನ ಬೀಗದ ಕೈ ನನ್ನ ಉಡಿದಾರದಲ್ಲೇ ಇದ್ದಂತೆ, "ನಿಮ್ಮೋರು ಯಾವಾಗ ಬಿಡ್ತಾರೆ?" ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ.

ನೀರು ತೀರಾ ಇಳಿದ ವರ್ಷ ಪಣ್ಣವಾಡಿಯ ಹತ್ತಿರ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ಮೇಲೆ ಕಾಣಿಸಿಕೊಳ್ಳುತ್ತವೆ. ಊರವರೆಲ್ಲ ಅದನ್ನು ನೋಡಲು ಹೋಗುತ್ತಾರೆ. ಆಗ ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ಮೀನೂ ಕೇಳುವುದಿಲ್ಲ.

ಬಿತ್ತಾ, ಕೆಜಿ ಎಷ್ಟಕ್ಕೆ ಎಂಬ ಗೊಂದಲ ಅಮೆರಿಕದಲ್ಲಿಲ್ಲ. ಅಲ್ಲಿ ಬಾಸ್ ಮೀನಿಗೆ ಪಂದ್ಯಗಳೇ ನಡೆಯುತ್ತವೆ. ಹಿಡಿದದ್ದನ್ನು ಜೀವಂತ ತೂಗಿ, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಾರೆ. ನಾನು ಒಮ್ಮೆ ಕೈಗೆ ಬಂದ ಕಟ್ಲಾ ಮರಿಯನ್ನು ಬಿಟ್ಟಾಗ, ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು "ಮನೇಲಿ ಏನಾದ್ರೂ ತೊಂದರೇನಾ ಸಾಮಿ?" ಎಂದಿದ್ದಳು. ಆದರೂ ಆ ದೇಶದಲ್ಲಿ ನಮ್ಮ ಪೈಕಿಯವನೊಬ್ಬನಿದ್ದ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಎಂಬ ರೈತನ ಮಗ 22 ಪೌಂಡು 4 ಔನ್ಸಿನ ಬಾಸ್ ಹಿಡಿದ. ಹತ್ತು ಕೆಜಿ ಲೆಕ್ಕ. ಅದನ್ನು ಸರಿಗಟ್ಟಲು 2009ರಲ್ಲಿ ಜಪಾನಿನ ಮನಾಬು ಕುರಿಟಾ ಬರಬೇಕಾಯಿತು. ಪೆರ್ರಿ ತನ್ನ ವಿಶ್ವದಾಖಲೆಯನ್ನು ಏನು ಮಾಡಿದ? ಮನೆಗೆ ಒಯ್ದ, ಮನೆಮಂದಿ ಉಂಡರು. ಆಡಿನ ಮುದುಕಿಗೆ ಈ ಕಥೆ ಹೇಳಿದ್ದರೆ ತಲೆದೂಗುತ್ತಿದ್ದಳು.

ನಮ್ಮ ಹೊಳೆಯ ದಾಖಲೆಯ ಮುಂದೆ ಬಾಸ್ ಏನೂ ಅಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದರು. ಕಬಿನಿಯ ನೀರೇ ತಾನೇ ನನ್ನ ಕಾಲಬುಡಕ್ಕೂ ಬರುವುದು! ಈಗ ಆ ಡುಬ್ಬದ ಮಹಶೀರ್, ನಮ್ಮವರ ಬಿಳಿಮೀನು, ಅಳಿವಿನ ತೀರಾ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ಹಿಡಿಯದೆ ಇರುವುದೇ ದೊಡ್ಡ ಕೆಲಸ. ಆ ಕೆಲಸವನ್ನು ನಾನು ವಾರವಾರವೂ ಚಾಚೂ ತಪ್ಪದೆ ಮಾಡುತ್ತಿದ್ದೇನೆ.

ಬಿಳಿಮೀನಿಗೆ ಹಾಕುತ್ತಿದ್ದ ರಾಗಿ ಉಂಡೆಯನ್ನೇ ನಾನು ಕಟ್ಲಾಗೂ ಹಾಕುತ್ತೇನೆ. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡಬೇಕು. ಬೆಂದು ಮೇಲೆ ಬಂದಾಗ ತೆಗೆದು, ಬಿಸಿ ಇರುವಾಗಲೇ ಚಿಟಿಕೆ ಸೋಂಪಿನ ಪುಡಿ ಹಾಕಿ ನಾದಬೇಕು. ನಾದಿದ್ದು ಸಾಲದಿದ್ದರೆ ನೀರಿನಲ್ಲಿ ಕರಗಿ ಮೀನಿಗೆ ಪುಕ್ಕಟೆ ಅಂಬಲಿ. ಹೆಚ್ಚಾದರೆ ಒಳಗಿನ ಕೊಕ್ಕೆ ಹೊರಗೆ ಬರುವುದೇ ಇಲ್ಲ. ಮೀನು ಚೆನ್ನಾಗಿ ಚೀಪಿ, ಬಿಟ್ಟು ಹೋಗುತ್ತದೆ. ನೆಲ್ಲಿಕಾಯಿ ಗಾತ್ರಕ್ಕೆ ಚಿವುಟಿ, ಕೊಕ್ಕೆಯ ಮೊನೆ ಮಾತ್ರ ಬೆರಳಿಗೆ ತಾಗಿಯೂ ತಾಗದಂತೆ ಮುಚ್ಚಬೇಕು. "ಮನುಷ್ಯರಿಗೆ ಮುದ್ದೆ ತಿರುವು ಅಂದ್ರೆ ಕೈನೋವು ಬರುತ್ತೆ," ಎನ್ನುತ್ತಾಳೆ ಹೆಂಡತಿ, ಪಾತ್ರೆಗೆ ಅಂಟಿದ್ದನ್ನು ಕೆರೆಯುತ್ತಾ.

ಅವಳ ಲೆಕ್ಕ ಬೇರೆ. ರಾತ್ರಿ ಎಂಟಕ್ಕೆ ಒಂದು ಚೀಲ ಜಿಲೇಬಿ ತಂದು ಸಿಂಕಿಗೆ ಸುರಿದ ದಿನ ನನಗೆ ಹಬ್ಬ, ಅವಳಿಗೆ ಸೂತಕ. ಆ ಮೀನಿನ ಬೆನ್ನಮುಳ್ಳು ಕೈಗೆ ಚುಚ್ಚದೆ ಬಿಡುವುದಿಲ್ಲ. ಹುರುಪೆ ಸಿಡಿದು ನಲ್ಲಿಗೆ, ಗೋಡೆಗೆ, ಒಮ್ಮೆ ಕ್ಯಾಲೆಂಡರಿನ ಮುರುಗನ ಹಣೆಗೂ ಅಂಟಿತ್ತು. ಬರಿಗೈಯಲ್ಲಿ ಸಂಜೆ ಐದಕ್ಕೇ ಬಂದು, ದಾರಿಯಲ್ಲಿ ಅಣೆಕಟ್ಟಿನ ಹತ್ತಿರದ ಅಂಗಡಿಯಿಂದ ಕೆಂಪು ಮಸಾಲೆ ಹಚ್ಚಿ ಕರಿದ ನಾಲ್ಕು ತುಂಡು ಕಟ್ಟಿಸಿ ತಂದರೆ ಮುಖ ಅರಳುತ್ತದೆ. "ಇವತ್ತು ಒಳ್ಳೇ ಮೀನು ಹಿಡಿದಿದ್ದೀರಿ."

ಹಿನ್ನೀರಿನಲ್ಲಿ ಬಲೆ ಬಿಡುವ ಮೀನುಗಾರರಿಗೆ ಇಂಥ ತತ್ವಜಿಜ್ಞಾಸೆಗೆಲ್ಲ ಪುರುಸೊತ್ತಿಲ್ಲ. ಸಂಜೆ ಬಲೆ ಇಳಿಸಿ, ಬೆಳಗಿನ ಜಾವ ಎಳೆದು, ಮೀನುಗಾರರ ಸೊಸೈಟಿಯ ತಕ್ಕಡಿಗೆ ಹಾಕಿದರೆ ದಿನದ ಹಣೆಬರಹ ಗೊತ್ತಾಗುತ್ತದೆ. ಅಂಥವರಲ್ಲೊಬ್ಬ ತೂಕ ಮುಗಿಸಿ, ಪರಿಸಲನ್ನು ದಡದಲ್ಲಿ ಕವುಚಿ, ನನ್ನ ಪಕ್ಕ ಬಂದು ಕೂತ. ಬಿತ್ತಾ ಎಂದು ಕೇಳಲಿಲ್ಲ. ಬೆಂಡನ್ನೇ ನೋಡುತ್ತಿದ್ದ. "ಸ್ವಲ್ಪ ನಾನು ಹಿಡೀಲಾ ಸಾರ್?" ಎಂದು ಕೋಲು ಇಸಿದುಕೊಂಡ. ಬೀಡಿ ಹಚ್ಚಲು ಮರೆತ. ಮನೆಯಿಂದ ಮಗ ಎರಡು ಸಲ ಊಟಕ್ಕೆ ಕರೆದು ಹೋದ, ಕೇಳಿಸದವನಂತೆ ಕೂತ. ಬೆಂಡು ಒಮ್ಮೆ ಮುಳುಗಿತು, ಎಳೆದ, ಬರೀ ಕೊಕ್ಕೆ ಬಂತು. ಅವನಿಗೆ ಆದ ಖುಷಿ ಹೇಳತೀರದು. ಬಿಸಿಲು ಇಳಿದ ಮೇಲೆ ಕೋಲು ವಾಪಸು ಕೊಟ್ಟು, ಲುಂಗಿ ಕೊಡವಿಕೊಂಡು, ಅತ್ತಿತ್ತ ನೋಡಿ ಅಂದ:

"ನಾಳೆ ಇನ್ನೊಂದು ಕೋಲು ತನ್ನಿ ಸಾರ್. ಆದ್ರೆ ಸೊಸೈಟೀಲಿ ಯಾರಿಗೂ ಹೇಳ್ಬೇಡಿ, ನಗ್ತಾರೆ."