ಕೋಪನ್‌ಹೇಗನ್ ಮಾಸ್ತರು

ನಮ್ಮ ಮಾಸ್ತರು ನಿಮಗೂ ಗೊತ್ತು. ಊರು ಬೇರೆ, ಹೆಸರು ಬೇರೆ ಇರಬಹುದು. ಮಗನೋ ಮಗಳೋ ಪರದೇಶದಲ್ಲಿದ್ದು, ವೀಸಾದವರು ಕೊಟ್ಟ ತೊಂಬತ್ತು ದಿನವನ್ನು ಚೂರೂ ಬಿಡದೆ ಅಲ್ಲಿ ಕಳೆದು, ಬಂದ ಮೇಲೆ ಉಳಿದ ಆಯುಷ್ಯವನ್ನೆಲ್ಲ ಅದರ ವರದಿ ಒಪ್ಪಿಸಲಿಕ್ಕೆ ಮೀಸಲಿಟ್ಟವರು ಯಾವ ಊರಲ್ಲಿಲ್ಲ? ಅಮೆರಿಕಕ್ಕೆ ಹೋಗಿ ಬಂದವರು ಮನೆ ಎಷ್ಟು ದೊಡ್ಡದು, ಕಾರು ಎಷ್ಟು ಉದ್ದ ಅಂತ ಹೇಳುತ್ತಾರೆ. ದುಬೈಗೆ ಹೋದವರು ಕಟ್ಟಡದ ಅಂತಸ್ತು ಎಣಿಸುತ್ತಾರೆ. ಅವರನ್ನು ಹೇಗೋ ಸಹಿಸಬಹುದು, ನಮ್ಮಲ್ಲಿ ಇಲ್ಲದ್ದನ್ನಾದರೂ ಹೇಳುತ್ತಾರೆ. ಕುಂಬಾರವಾಡದ ಮಾಸ್ತರು ಹೋದದ್ದು ಡೆನ್ಮಾರ್ಕಿನ ರಾಜಧಾನಿಗೆ. ಅಲ್ಲಿಂದ ತಂದ ಸುದ್ದಿ ಎರಡೇ: ಜನ ನಡೆಯುತ್ತಾರೆ, ಜನ ಸೈಕಲ್ ಹೊಡೆಯುತ್ತಾರೆ.

ಇದನ್ನು ಅವರು ಹೇಳಿದ್ದು ಯಾರಿಗೆ? ಕಾಡೊಳಗಿನ ಮಜರೆಯಿಂದ ತಲೆ ಮೇಲೆ ಮುಡ್ಲಿ ಗಡ್ಡೆಯ ಬುಟ್ಟಿ ಹೊತ್ತು, ಹಳ್ಳ ದಾಟಿ, ಗುಡ್ಡ ಇಳಿದು ಬಂದು ಚಾದ ಅಂಗಡಿಯ ಎದುರು ಉಸಿರು ಬಿಡುತ್ತ ಕೂತಿದ್ದ ಕುಣಬಿ ಮುದುಕಿಗೆ.

‘ಅಲ್ಲಿ ಎಲ್ಲರೂ ನಡೆದೇ ಹೋಗುತ್ತಾರೆ ಗೊತ್ತುಂಟಾ?’ ಅಂದರು ಮಾಸ್ತರು.

ಮುದುಕಿ ಮರುಕದಿಂದ ನೋಡಿದಳು. ‘ಪಾಪ. ಅವರಿಗೂ ಬಸ್ಸಿಲ್ಲವಾ?’

ಮಾಸ್ತರು ಸೋಲುವವರಲ್ಲ. ಶಾಲೆಯಲ್ಲಿ ಮಗ್ಗಿ ಕಲಿಸಿದ ತಾಳ್ಮೆಯಲ್ಲೇ ವಿವರಿಸಿದರು. ಬಸ್ಸಿದೆ. ಚಾಲಕನೇ ಇಲ್ಲದೆ ತಾನಾಗಿ ಓಡುವ ಮೆಟ್ರೋ 2002ರಿಂದ ಇದೆ. ಲೋಕಲ್ ರೈಲಿಗೆ ಸೈಕಲ್ ಹತ್ತಿಸಿಕೊಂಡು ಹೋಗಬಹುದು, ಅದಕ್ಕೆ ಚಾರ್ಜಿಲ್ಲ. ಇಷ್ಟೆಲ್ಲ ಇದ್ದೂ ಜನ ನಡೆಯುತ್ತಾರೆ. ಇದನ್ನು ಕೇಳಿದ ಮೇಲೆ ಮುದುಕಿಗೆ ಮರುಕ ಹೋಗಿ ಅನುಮಾನ ಬಂತು. ಬಸ್ಸಿದ್ದೂ ನಡೆಯುವ ಮನುಷ್ಯನನ್ನು ಈ ತಾಲೂಕಿನಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ.

ಮಾಸ್ತರ ಮಾತಿಗೆ ಒಂದು ಕ್ರಮವಿದೆ. ‘ಅಲ್ಲಿ’ ಅಂದಾಗ ತೋರುಬೆರಳು ಉಳವಿಯ ದಿಕ್ಕಿಗೆ ಏಳುತ್ತದೆ. ಡೆನ್ಮಾರ್ಕ್ ಆ ಕಡೆಗೇ ಎಂದು ಅರ್ಧ ಊರು ನಂಬಿದೆ. ಶುರುವಾಗುವುದು ಸ್ಟ್ರೋಯೆಟ್ ಎಂಬ ಬೀದಿಯಿಂದ. ಪೇಟೆಯ ನಡುಮಧ್ಯದ ಅಂಗಡಿ ಬೀದಿ, ಒಂದು ಕಿಲೋಮೀಟರಿಗೆ ತುಸು ಹೆಚ್ಚು. 1962ರಿಂದ ಅಲ್ಲಿ ಗಾಡಿ ಬಂದ್. ಅಲ್ಲಿಂದ ಮಾತು ರಾಣಿ ಲೂಯಿಸ್ ಹೆಸರಿನ ಸೇತುವೆಗೆ ಹಾಯುತ್ತದೆ, ಬೆಳಿಗ್ಗೆ ಕಚೇರಿ ಹೊತ್ತಿಗೆ ಅದರ ಮೇಲೆ ಬರೀ ಸೈಕಲ್ಲು. ಸೂಟು ಹಾಕಿದವರು, ಬಸುರಿಯರು, ಪಾರ್ಲಿಮೆಂಟಿನ ಮೆಂಬರರು. ಆ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗ ಹಿಡಿದು ಹೋದರೆ ಎಲ್ಲ ಸಿಗ್ನಲ್ಲೂ ಹಸಿರೇ ಸಿಗುವ ಹಾಗೆ ಜೋಡಿಸಿದ್ದಾರಂತೆ. ಕೆಂಪು ಬಿದ್ದರೆ ಕಾಲಿಳಿಸುವುದು ಬೇಡ, ಒರಗಿ ನಿಲ್ಲಲಿಕ್ಕೆ ಪಕ್ಕದಲ್ಲೇ ಕಂಬಿ. ಕಸ ಎಸೆಯುವವನು ಸೈಕಲ್ ನಿಲ್ಲಿಸಬೇಕಿಲ್ಲ, ಓಡುತ್ತಲೇ ಎಸೆಯಲೆಂದು ಬುಟ್ಟಿಯ ಬಾಯಿಯನ್ನೇ ಅವನ ಕಡೆ ವಾಲಿಸಿದ್ದಾರೆ. ಹಿಮ ಬಿದ್ದರೆ ಮೊದಲು ಸೈಕಲ್ ದಾರಿ ಗುಡಿಸುತ್ತಾರೆ, ಕಾರಿನ ದಾರಿ ಆಮೇಲೆ.

ಈ ಬುಟ್ಟಿಯ ವಿಷಯಕ್ಕೆ ಬಂದಾಗ ಮಾಸ್ತರ ಕಣ್ಣಲ್ಲಿ ನೀರಾಡುವುದನ್ನು ನಾನೇ ನೋಡಿದ್ದೇನೆ. ಅದೇ ಹೊತ್ತಿಗೆ ಅವರು ಚಾ ಕುಡಿದ ಕಾಗದದ ಲೋಟ ಬೆಂಚಿನಡಿ ಸೇರಿದ್ದನ್ನೂ ನೋಡಿದ್ದೇನೆ.

ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ತಾಯಂದಿರು ಹೊಡೆಯುವ ಮೂರು ಗಾಲಿಯ ಸೈಕಲ್ಲಿನ ಕಥೆಗೆ ಚಾದ ಅಂಗಡಿಯವನು ‘ನಮ್ಮ ಕಾರವಾರದ ಮೀನಿನವನದೂ ಹಾಗೇ ಅಲ್ಲವಾ, ಪೆಟ್ಟಿಗೆ ಹಿಂದುಂಟು ಅಷ್ಟೇ’ ಅಂದ. ಮಾಸ್ತರು ಎರಡು ದಿನ ಆ ಅಂಗಡಿಗೆ ಹೋಗಲಿಲ್ಲ. ಎಳೆ ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಹೋಟೆಲಿನ ಹೊರಗೆ ಚಳಿಯಲ್ಲೇ ಬಿಟ್ಟು ತಂದೆ ತಾಯಿ ಒಳಗೆ ಕಾಫಿ ಕುಡಿಯುತ್ತಾರೆ ಅಂದಾಗಲಂತೂ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು.

‘ಚಿರತೆ ಒಯ್ಯೋದಿಲ್ಲವಾ?’

‘ಚಿರತೆ ಇಲ್ಲ.’

‘ಚಿರತೆಯೂ ಇಲ್ಲದ ಊರು!’ ಎಂದು ಒಬ್ಬಾಕೆ ಲೊಚಗುಟ್ಟಿದಳು. ಊರಿನ ಬಡತನ ಅವಳಿಗೆ ಈಗ ಖಾತ್ರಿಯಾಯಿತು.

ಮಾಸ್ತರಿಗೆ ನಿಜವಾದ ಎದುರಾಳಿ ಸಿಕ್ಕಿದ್ದು ಗಣೇಶಗುಡಿಯ ವಿದ್ಯುತ್ ನಿಗಮದಲ್ಲಿ, ಅಂದರೆ ಕೆಪಿಸಿಯಲ್ಲಿ, ದುಡಿದು ನಿವೃತ್ತನಾಗಿ ಊರಿಗೆ ಬಂದು ಕೂತವನು. ಸೂಪಾ ಅಣೆಕಟ್ಟಿನ ಅಂಕಿಗಳು ಅವನಿಗೆ ಕುಲದೇವರ ನಾಮಾವಳಿಯಷ್ಟೇ ಬಾಯಿಪಾಠ. ‘ಮಾಸ್ತರೇ, ಆ ದೇಶದಲ್ಲಿ ಅತಿ ಎತ್ತರದ ಗುಡ್ಡ ಯಾವುದು?’ ಎಂದು ಕೇಳಿದ. ಮೋಲ್ಲೆಹೋಯ್ ಅಂತ, 171 ಮೀಟರ್ ಹತ್ತಿರ ಹತ್ತಿರ, ಎಂದರು ಮಾಸ್ತರು. ಅವರೂ ಭೂಗೋಳ ಕಲಿಸಿದವರೇ. ಅವನು ಬೀಡಿ ಆರಿಸಿ ಹೇಳಿದ: ‘ನಮ್ಮ ಸೂಪಾ ತುಂಬಿದರೆ ನೀರು ನಿಲ್ಲೋದು ಸಮುದ್ರದಿಂದ 564 ಮೀಟರಿಗೆ. ಅವರ ದೇಶದ ತುತ್ತತುದಿ ಮೇಲೆ ನಿಂತು ಕೈ ಎತ್ತಿದರೂ ನಮ್ಮ ನೀರು ಇನ್ನೂ 390 ಮೀಟರ್ ಮೇಲುಂಟು. ಅಲ್ಲಿ ಸೈಕಲ್ ಹೊಡೆಯೋದು ಹೆಚ್ಚಾ? ಬಿಟ್ಟರೆ ತಾನೇ ಓಡ್ತದೆ. ಅಣಶಿ ಘಟ್ಟ ಹತ್ತಿಸಿ ತೋರಿಸಲಿ.’

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಇದರಲ್ಲಿ ನ್ಯಾಯ ಪೂರ್ತಿ ಅವನ ಕಡೆಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹುಬ್ಬಳ್ಳಿಯ ಪೇಟೆ ಕೂಡ ಹೇಳುವಂಥ ಘಟ್ಟವೇನೂ ಅಲ್ಲ, ಅಲ್ಲಿ ಸೈಕಲ್ ಹೊಡೆದು ನೋಡಿ. ಆದರೆ ಚಾದ ಅಂಗಡಿಯಲ್ಲಿ ಗೆದ್ದವನ ಎದುರು ಇಂಥ ಮಾತು ಆಡಬಾರದು.

ಮಾಸ್ತರ ಬಳಿಯೂ ನಾನು ಆಡಬಾರದ ಒಂದು ಮಾತು ಆಡಿದೆ. ಅವರ ಸಿದ್ಧಾಂತದಲ್ಲಿ ಡೆನ್ಮಾರ್ಕಿನವರಿಗೆ ಈ ನಡೆಯುವುದು, ಸೈಕಲ್ ಹೊಡೆಯುವುದು ರಕ್ತದಲ್ಲೇ ಬಂದದ್ದು, ಸಂಸ್ಕಾರ. ಹಾಗಲ್ಲವಲ್ಲ ಮಾಸ್ತರೇ, ಎಂದೆ. ಆ ಊರೂ ಒಂದು ಕಾಲಕ್ಕೆ ಕಾರಿನಿಂದ ಕಿಕ್ಕಿರಿದಿತ್ತು. ಸ್ಟ್ರೋಯೆಟ್ ಬಂದ್ ಮಾಡಿದಾಗ ವ್ಯಾಪಾರಸ್ಥರೇ ಬೊಬ್ಬೆ ಹಾಕಿದ್ದರು, ಈ ಚಳಿಯಲ್ಲಿ ಯಾರು ಬೀದಿಯಲ್ಲಿ ಅಡ್ಡಾಡುತ್ತಾರೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂದು. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಅದೇ ಬೀದಿಯಲ್ಲಿ ನಿಂತು, ಯಾರು ನಡೆಯುತ್ತಾರೆ, ಯಾರು ಎಲ್ಲಿ ಕೂರುತ್ತಾರೆ ಎಂದು ಎಣಿಸಿ ಎಣಿಸಿ ಬರೆದಿಟ್ಟ. 1973ರಲ್ಲಿ ಅರಬರು ಎಣ್ಣೆ ತಡೆದಾಗ ಸರಕಾರ ಭಾನುವಾರ ಕಾರು ಹೊರಡಿಸಬಾರದು ಎಂದು ಕಾಯಿದೆ ಮಾಡಿತು. ಕಾರಿನ ನೋಂದಣಿ ತೆರಿಗೆಯ ಮೇಲಿನ ಹಂತ ಶೇಕಡ 150. ರಕ್ತಕ್ಕಿಂತ ಈ ತೆರಿಗೆಯ ಪಾಲು ಹೆಚ್ಚಿರಬೇಕು. ನಮ್ಮ ಮೈಸೂರಿನಲ್ಲೂ 2017ರಲ್ಲಿ ‘ಟ್ರಿಣ್ ಟ್ರಿಣ್’ ಅಂತ ಬಾಡಿಗೆ ಸೈಕಲ್ ಶುರುವಾಗಿತ್ತಲ್ಲ ಎಂದೂ ಸೇರಿಸಿದೆ.

‘ಇರಬಹುದು’ ಎಂದರು ಮಾಸ್ತರು. ಇರಬಹುದು ಎಂಬುದನ್ನು ‘ಬೆಂಚಿನ ಮೇಲೆ ನಿಲ್ಲು’ ಎನ್ನುವ ದನಿಯಲ್ಲಿ ಹೇಳಲಿಕ್ಕೆ ಬಹಳ ವರ್ಷದ ಮಾಸ್ತರಿಕೆ ಬೇಕು. ಮೈಸೂರಿಗೆ ಹೋಗಲು ವೀಸಾ ಬೇಡ, ಅಲ್ಲಿದ್ದದ್ದು ಲೆಕ್ಕಕ್ಕಿಲ್ಲ.

ಅಕ್ಕೋರು, ಅಂದರೆ ಮಾಸ್ತರ ಹೆಂಡತಿ, ಅದೇ ಊರಿಗೆ ಅದೇ ವಿಮಾನದಲ್ಲಿ ಹೋಗಿ ಬಂದವರು. ಆದರೆ ಅವರ ಕೋಪನ್‌ಹೇಗನ್ನೇ ಬೇರೆ. ಅಡುಗೆಮನೆಯ ಕಿಟಕಿಯಿಂದ ಬರುವ ಈ ಎರಡನೆಯ ವರದಿಯ ಪ್ರಕಾರ, ಮಗನ ಹತ್ತಿರ ಕಾರಿರಲಿಲ್ಲ, ಅದಕ್ಕೇ ನಡೆದದ್ದು. ಮೊದಲ ದಿನವೇ ಮಾಸ್ತರು ಸೈಕಲ್ ದಾರಿಯ ನಟ್ಟನಡುವೆ ನಿಂತು ಫೋಟೋ ತೆಗೆಯಲು ಹೋಗಿ, ಹಿಂದಿನಿಂದ ಗಂಟೆ ಬಾರಿಸುತ್ತ ಬಂದ ಒಬ್ಬ ಹುಡುಗಿಯಿಂದ ಬೈಸಿಕೊಂಡರು. ಬೈದದ್ದು ಡೇನಿಶ್ ಭಾಷೆಯಲ್ಲಿ. ಹಾಗಾಗಿ ಮಾಸ್ತರು ಅದನ್ನು ಸ್ವಾಗತ ಎಂದು ತಿಳಿದು ನಮಸ್ಕಾರ ಮಾಡಿದರು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಮತ್ಸ್ಯಕನ್ಯೆಯ ಮೇಲೆ. ಬಂದರಿನ ದಂಡೆಯ ಬಂಡೆ ಮೇಲೆ 1913ರಿಂದ ಕೂತಿರುವ ಕಂಚಿನ ಬೊಂಬೆ ಅದು. ನೋಡಿಯೇ ತೀರಬೇಕು ಅಂತ ಮಂಡಿನೋವಿನಲ್ಲಿ ಅಷ್ಟು ದೂರ ನಡೆಸಿದ್ದಾರೆ. ‘ಹೋಗಿ ನೋಡಿದರೆ ನಾಲ್ಕು ಅಡಿ ಚಿಲ್ಲರೆ. ಅದರ ಸುತ್ತ ನಾಲ್ಕು ಬಸ್ಸು ಜನ. ಆ ಬಸ್ಸಲ್ಲೇ ಹೋಗಬಹುದಿತ್ತಲ್ಲ ತಂಗೀ?’

ಒಂದು ಮಾತು ಮಾತ್ರ ಅಕ್ಕೋರು ದನಿ ತಗ್ಗಿಸಿ ಹೇಳಿದರು. ಸಂಜೆ ಹತ್ತಾದರೂ ಬೆಳಕಿರುತ್ತಿತ್ತು, ಒಬ್ಬರೇ ಹೊರಟು ಕೆರೆ ಸುತ್ತಿ ಬರುತ್ತಿದ್ದರು, ಎಲ್ಲಿಗೆ, ಯಾಕೆ, ಯಾವಾಗ ಬರ್ತೀರಿ ಎಂದು ಒಬ್ಬರೂ ಕೇಳುತ್ತಿರಲಿಲ್ಲವಂತೆ. ಮಾಸ್ತರ ವರದಿಯಲ್ಲಿ ಈ ಕೆರೆ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮಾಸ್ತರು ಎಲ್ಲ ಊರಿನ ಮಾಸ್ತರಂತೆ ಆಗಿ ಹೋಗುತ್ತಿದ್ದರು. ಅವರು ಗ್ರಾಮಸಭೆಯಲ್ಲಿ ಎದ್ದು ನಿಂತು, ಕುಂಬಾರವಾಡದಿಂದ ಜೋಯಿಡಾ ತನಕ ರಸ್ತೆ ಪಕ್ಕದಲ್ಲಿ ಪ್ರತ್ಯೇಕ ಸೈಕಲ್ ಪಥ ಆಗಬೇಕು ಎಂದು ಅರ್ಜಿ ಓದಿದರು. ಅದಕ್ಕೂ ಮೊದಲು ಚರಂಡಿ, ಕಾಲುಸಂಕ, ಕುಡಿಯುವ ನೀರು, ನೆಟ್‌ವರ್ಕ್ ಇಲ್ಲದ ಟವರು, ಇವಿಷ್ಟರ ಅರ್ಜಿ ಆಗಿದ್ದವು. ಸಭೆ ಗಂಭೀರವಾಗಿ ಕೇಳಿತು. ಅರಣ್ಯ ಇಲಾಖೆಯ ವಾಚರ್ ಒಬ್ಬ ಹಿಂದಿನಿಂದ ಎದ್ದು, ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ರಸ್ತೆ ಅಂಚಿಗೆ ಗುದ್ದಲಿ ಹಾಕಬೇಕೆಂದರೂ ಕಾಗದ ಎಲ್ಲೆಲ್ಲಿಗೋ ಹೋಗಿ ಬರಬೇಕು ಎಂದ.

‘ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ. ಹುಲಿಗೆ ಏನು ತೊಂದರೆ?’ ಎಂದರು ಮಾಸ್ತರು.

‘ಹುಲಿಗೆ ತೊಂದರೆಯಿಲ್ಲ ಮಾಸ್ತರೇ. ಅದು ಸೈಕಲ್ಲಿಗೂ ಏನೂ ಮಾಡೋದಿಲ್ಲ. ಸೈಕಲ್ ನಾವು ಮನೆಗೆ ತಂದು ಮುಟ್ಟಿಸ್ತೇವೆ.’

ನಡಾವಳಿ ಪುಸ್ತಕದಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬರೆದರು.

ಮಾಸ್ತರು ಪಥಕ್ಕೆ ಕಾಯಲಿಲ್ಲ. ಸರಕಾರ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಹಂಚಿದ್ದ ಸೈಕಲ್ಲುಗಳಲ್ಲಿ ಒಂದು ಪಕ್ಕದ ಮನೆಯ ಅಟ್ಟದಲ್ಲಿತ್ತು. ಆ ಮನೆಯ ಹುಡುಗ ಅದನ್ನು ಹೊಡೆದದ್ದಕ್ಕಿಂತ ಹುಲ್ಲಿನ ಹೊರೆ ಹೇರಿ ತಳ್ಳಿದ್ದೇ ಹೆಚ್ಚು. ಶಾಲೆ ದಾರಿಯಲ್ಲಿ ಕಾಡುಕೋಣ ಅಡ್ಡ ನಿಂತಾಗ ಸೈಕಲ್ ಬಿಸಾಕಿ ಮರ ಹತ್ತಿದ ದಿನದಿಂದ ಅದಕ್ಕೂ ಅವನಿಗೂ ಮಾತಿಲ್ಲ. ಮಾಸ್ತರು ಅದನ್ನು ಇಳಿಸಿ, ಟ್ಯೂಬು ಹಾಕಿಸಿ, ಎಣ್ಣೆ ಬಿಡಿಸಿ, ಗಂಟೆ ಕೂಡಿಸಿದರು. ಹಗಲಲ್ಲೂ ಉರಿಯುವ ಒಂದು ಕೆಂಪು ದೀಪ ಹಿಂದೆ. ಪ್ಯಾಂಟಿನ ಬಲಗಾಲಿಗೆ ಬಟ್ಟೆ ಒಣಹಾಕುವ ಚಿಮಟಿಗೆ. ಬೆಳಿಗ್ಗೆ ಮನೆಯಿಂದ ಕ್ರಾಸ್ ತನಕ, ಕ್ರಾಸಿನಿಂದ ಮನೆ ತನಕ.

ಡೆನ್ಮಾರ್ಕಿನಲ್ಲಿ ಸೈಕಲ್ ನಿಲ್ಲಿಸುವ ಮೊದಲು ಕೈಯನ್ನು ಮೇಲೆತ್ತಿ ತೋರಿಸಬೇಕು, ಹಿಂದಿನವನು ಬಂದು ಗುದ್ದಬಾರದಲ್ಲ. ಮಾಸ್ತರು ಅದನ್ನು ಬಿಡದೆ ಪಾಲಿಸುತ್ತಾರೆ, ಹಿಂದೆ ಎಮ್ಮೆ ಇದ್ದರೂ ಸರಿ, ಯಾರೂ ಇಲ್ಲದಿದ್ದರೂ ಸರಿ. ಉಳವಿ ಕಡೆ ತಿರುಗುವ ಕ್ರಾಸಿನ ಹತ್ತಿರ ಬಂದು ಅವರು ಬಲಗೈ ಎತ್ತಿದ ಮೊದಲ ದಿನ ಹಿಂದಿನಿಂದ ಕಾರವಾರದ ಬಸ್ಸು ಬರುತ್ತಿತ್ತು. ಡ್ರೈವರ್ ಬ್ರೇಕ್ ಹೊಡೆದ. ಕಂಡಕ್ಟರ್ ಬಾಗಿಲು ತೆಗೆದು, ‘ಬೇಗ ಹತ್ತಿ’ ಎಂದ.

‘ನಾನು ಬರೋದಿಲ್ಲ’ ಎಂದರು ಮಾಸ್ತರು.

‘ಮತ್ತೆ ಕೈ ಯಾಕೆ ಮಾಡಿದಿರಿ?’

‘ಅದು ನಾನು ನಿಲ್ಲುತ್ತೇನೆ ಅಂತ. ನೀವು ನಿಲ್ಲಿ ಅಂತಲ್ಲ.’

ಕಂಡಕ್ಟರ್ ಅಂದ ಮಾತು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಡ್ರೈವರ್ ಬದಲಾಗಿದ್ದ, ಅವನೂ ನಿಲ್ಲಿಸಿದ. ಆ ಕ್ರಾಸಿನಲ್ಲಿ ಮಕ್ಕಳು, ಹೆಂಗಸರು ಎಷ್ಟೇ ಕೈ ಬೀಸಿದರೂ ‘ಇಲ್ಲಿ ಸ್ಟಾಪಿಲ್ಲ, ಮುಂದೆ ನಡೀರಿ’ ಎಂದು ಬಸ್ಸು ಧೂಳೆಬ್ಬಿಸಿ ಹೋಗುತ್ತಿತ್ತು. ಮಾಸ್ತರದು ಹಾಗಲ್ಲ. ನೆಟ್ಟಗೆ ಎತ್ತಿದ ತೋಳು, ಬಿಳಿ ಅಂಗಿ, ಉರಿಯುವ ಕೆಂಪು ದೀಪ. ಯಾವುದೋ ಇಲಾಖೆಯ ತಪಾಸಣೆಯವರು ಎಂದು ಹೊಸ ಡ್ರೈವರುಗಳು ಹೆದರುತ್ತಿದ್ದರೋ ಏನೋ.

ಊರಿನ ಹೆಂಗಸರು ಇದನ್ನು ವಾರದೊಳಗೆ ಗಮನಿಸಿದರು. ಈಗ ಬೆಳಿಗ್ಗೆ ಬುಟ್ಟಿ, ಚೀಲ, ಕೋಳಿ, ಕೂಸುಗಳ ಜತೆ ಅವರೆಲ್ಲ ಕ್ರಾಸಿನ ಹಲಸಿನ ಮರದಡಿ ಬಂದು ಕೂತಿರುತ್ತಾರೆ. ರಸ್ತೆಯ ಕಡೆ ಯಾರೂ ನೋಡುವುದಿಲ್ಲ, ನೋಡುವುದು ಮಾಸ್ತರ ಮನೆಯ ದಾರಿ. ಮೊನ್ನೆ ಅವರಿಗೆ ನೆಗಡಿಯಾಗಿ ಮುಸುಕು ಹಾಕಿ ಮಲಗಿದ್ದರು. ಆ ಕುಣಬಿ ಮುದುಕಿ ಅಂಗಳಕ್ಕೇ ಬಂದು ನಿಂತಳು.

‘ಮಾಸ್ತರಾ, ಏಳು. ಬಸ್ಸಿನ ಹೊತ್ತಾಯ್ತು, ಒಂದು ಸಲ ಕೈ ಎತ್ತಿ ಬಂದು ಮತ್ತೆ ಮಲಗು.’

ಅಕ್ಕೋರು ಕಿಟಕಿಯಿಂದ ಚಿಮಟಿಗೆ ಎಸೆದರು.