ಉಭಯಪಕ್ಷದ ಮೇಷ್ಟ್ರು

ನಮ್ಮ ನಾಡಿನ ಯಾವ ಹೋಬಳಿಯನ್ನು ಹೊಕ್ಕು ನೋಡಿದರೂ, ಅಲ್ಲಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆವರಣದಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಚುನಾವಣೆ ಸಮೀಪಿಸಿದ ಕಾಲಕ್ಕೆ, ಇಸ್ತ್ರಿ ಮಾಡಿದ ಬಿಳಿಯ ಅರ್ಧತೋಳಿನ ಅಂಗಿಯ ಜೇಬಿಗೆ ನೀಲಿಯದೊಂದು, ಕೆಂಪಿನದೊಂದು ಲೇಖನಿಗಳನ್ನು ಸಿಕ್ಕಿಸಿಕೊಂಡು, ಬೇವಿನ ಮರದ ಕೆಳಗೆ ನಿಂತು, ಬಂದವರಿಗೆಲ್ಲ ತಾವೇ ಮೊದಲಾಗಿ ಕೈಮುಗಿಯುತ್ತಿರುವ ಒಬ್ಬ ಮಹನೀಯರು ಕಣ್ಣಿಗೆ ಬೀಳದೆ ಇರುವುದಿಲ್ಲ. ಮಿಕ್ಕ ದಿನಗಳಲ್ಲಿ ನಮಸ್ಕಾರವನ್ನು ಸ್ವೀಕರಿಸುವುದೇ ಅವರ ರೂಢಿಯಾದ್ದರಿಂದ, ಮಾಡುವ ನಮಸ್ಕಾರಕ್ಕೆ ಅವರ ಕೈಗಳು ಇನ್ನೂ ಒಗ್ಗಿಲ್ಲ. ಮುಗಿದ ಕೈ ಬಿಡಿಸಿಕೊಳ್ಳುವಾಗ ತೋರುಬೆರಳು ಮಾತ್ರ ಹಳೆಯ ಅಭ್ಯಾಸಬಲದಿಂದ ಎದುರಿನವನ ಕಡೆಗೆ ನೆಟ್ಟಗೆ ನಿಂತುಬಿಡುತ್ತದೆ. ಅವರು ಮೇಷ್ಟ್ರೂ ಹೌದು, ಪೋಷಕರೂ ಹೌದು, ಈಗ ಅಭ್ಯರ್ಥಿಗಳು.

ವೃತ್ತಿಯಿಂದ ಉಪಾಧ್ಯಾಯರಾದರೂ ಅವರು ಈ ಶಾಲೆಯ ಉಪಾಧ್ಯಾಯರಲ್ಲ. ಬಸ್ ನಿಲ್ದಾಣದ ಆಚೆ, ಹಳದಿ ವ್ಯಾನುಗಳು ಸಾಲುಗಟ್ಟಿ ನಿಲ್ಲುವ ಇಂಗ್ಲಿಷ್ ಮಾಧ್ಯಮದ ಕಾನ್ವೆಂಟಿನಲ್ಲಿ ಅವರು ನಿತ್ಯವೂ ಗಣಿತವನ್ನೂ, ಬೇರೆ ಯಾರೂ ಸಿಕ್ಕದ ದಿನ ಕನ್ನಡವನ್ನೂ, ಡ್ರಿಲ್ ಮೇಷ್ಟ್ರು ರಜೆ ಹಾಕಿದ ದಿನ ಕವಾಯತನ್ನೂ ಕಲಿಸುತ್ತಾರೆ. ಆ ಕಾನ್ವೆಂಟಿನ ವಿದ್ಯೆಯು ಎಷ್ಟು ಉತ್ಕೃಷ್ಟವಾದದ್ದೆಂಬುದನ್ನು ದಾಖಲಾತಿಯ ತಿಂಗಳಲ್ಲಿ ಮನೆಮನೆಗೂ ತಿರುಗಿ ಜನರಿಗೆ ಮನಗಾಣಿಸುವವರೂ ಅವರೇ. ಆದರೆ ಆ ಉತ್ಕೃಷ್ಟ ವಿದ್ಯೆಯನ್ನು ಸ್ವಂತ ಮಕ್ಕಳಿಗೆ ಕೊಡಿಸಲು ಸಾಲುವಷ್ಟು ಸಂಬಳವನ್ನು ಆ ಕಾನ್ವೆಂಟು ಅವರಿಗೆ ಕೊಡುವುದಿಲ್ಲವಾಗಿ, ಮಗಳೂ ಮಗನೂ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳಾಗಿದ್ದಾರೆ. ಕಾರಣವೇನೆಂದು ಕೇಳಿದವರಿಗೆ ಮಾತೃಭಾಷಾ ಮಾಧ್ಯಮದ ಮಹತ್ತ್ವವನ್ನು ಕುರಿತು ಮುಕ್ಕಾಲು ಗಂಟೆಯ ಉಪನ್ಯಾಸ ಸಿದ್ಧವಾಗಿರುತ್ತದೆ. ಅದರಲ್ಲಿ ಹೇಳುವುದೆಲ್ಲ ನಿಜವೂ ಅಹುದು. ತಿಂಗಳ ಕೊನೆಯ ವಾರದಲ್ಲಿ ಮಾತ್ರ ಆ ಉಪನ್ಯಾಸಕ್ಕೆ ಆವೇಶ ಸ್ವಲ್ಪ ಹೆಚ್ಚಾಗಿರುವುದನ್ನು ನಾವು ಗಮನಿಸಿದ್ದೇವೆ.

ಶಾಲೆಯ ಆಡಳಿತದಲ್ಲಿ ತಂದೆತಾಯಿಗಳಿಗೆ ಅಧಿಕೃತವಾದ ಸ್ಥಾನವಿರತಕ್ಕದ್ದೆಂದು ಈ ನಾಡಿನಲ್ಲಿ ಸರ್ಕಾರದ ಆದೇಶವಾದದ್ದು 2001ರಲ್ಲಿ. ಅದಕ್ಕೆ ಆಧಾರವಾದ ಶಿಫಾರಸನ್ನು ಮಾಡಿದ ಕಾರ್ಯಪಡೆಯ ಅಧ್ಯಕ್ಷರು ರಾಜಾ ರಾಮಣ್ಣನವರು; 1974ರಲ್ಲಿ ಪೋಖರಣದ ಮರಳುಗಾಡಿನ ಅಡಿಯಲ್ಲಿ ಅಣುಸ್ಫೋಟವನ್ನು ಸಾಧಿಸಿದ ವಿಜ್ಞಾನಿಗಳ ಮುಂದಾಳು. ಅಣುವಿನೊಳಗೆ ಅಡಗಿದ ಶಕ್ತಿಯನ್ನು ಬಲ್ಲ ಆ ಮಹಾನುಭಾವರೇ ಪೋಷಕರ ಸಭೆಯೊಳಗೆ ಅಡಗಿದ ಶಕ್ತಿಗೂ ಹೊರಬೀಳುವ ದಾರಿಯನ್ನು ತೋರಿಸಿಕೊಟ್ಟರೆಂಬುದು ಒಂದು ಯೋಗಾಯೋಗ. ಅನಂತರ 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕೆಂದೂ, ಅರ್ಧ ಪಾಲು ಸ್ತ್ರೀಯರಿರಬೇಕೆಂದೂ ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿತು. ನಮ್ಮಲ್ಲಿ ಪೋಷಕರು ತಮ್ಮೊಳಗಿನಿಂದ 18 ಮಂದಿಯನ್ನು ಆರಿಸುತ್ತಾರೆ. ಅವರು ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿಗಳು. ಬ್ಯಾಂಕಿನ ಜಂಟಿ ಖಾತೆಗೆ ಅಧ್ಯಕ್ಷರ ಸಹಿಯೂ ಬೇಕೆಂಬ ಒಂದು ಅಂಶವು, ಶಾಲೆಯ ಬಾಗಿಲನ್ನು ಎಂದೂ ತುಳಿಯದವರಲ್ಲಿಯೂ ಹಠಾತ್ತಾಗಿ ವಿದ್ಯಾಪ್ರೇಮವನ್ನು ಹುಟ್ಟಿಸುವುದುಂಟು. ನಮ್ಮ ಮೇಷ್ಟ್ರ ವಿದ್ಯಾಪ್ರೇಮ ಆ ಜಾತಿಯದಲ್ಲವೆಂದು ನಾವು ಪ್ರಮಾಣ ಮಾಡಿ ಹೇಳಬಲ್ಲೆವು. ಅವರಿಗೆ ಬೇಕಾದದ್ದು ಹಣವಲ್ಲ. ಒಂದು ಸಲವಾದರೂ ಮುಖ್ಯೋಪಾಧ್ಯಾಯರು ಎದ್ದು ನಿಂತು ತಮಗೆ ಕುರ್ಚಿ ಕೊಡಬೇಕೆಂಬುದು.

ಈ ಪದವಿಗೆ ವಿಲಕ್ಷಣವಾದ ಒಂದು ನಿಬಂಧನೆಯಿದೆ. ಅವಧಿ ಮೂರು ವರ್ಷವೆಂದು ಹೇಳಿದ್ದರೂ, ಮಗು ಶಾಲೆಯನ್ನು ಬಿಟ್ಟ ದಿನ ತಂದೆಯೂ ಸಮಿತಿಯನ್ನು ಬಿಡಬೇಕು, ಮಗನ ಟಿ.ಸಿ.ಯೇ ತಂದೆಯ ಟಿ.ಸಿ. ಇದನ್ನೆಲ್ಲ ಆಲೋಚಿಸಿ, ಆರನೆಯ ತರಗತಿಯ ಮಗಳನ್ನು ಬಿಟ್ಟು ನಾಲ್ಕನೆಯ ತರಗತಿಯ ಮಗನ ತಂದೆಯಾಗಿ ಸ್ಪರ್ಧಿಸುವುದೇ ಶ್ರೇಯಸ್ಕರವೆಂದು ಮೇಷ್ಟ್ರು ನಿಶ್ಚಯಿಸಿದರು. ತನ್ನ ತಂದೆಯಾಗಿ ನಿಲ್ಲಲಿಲ್ಲವೆಂದು ಮಗಳು ಮುನಿಸಿಕೊಂಡು ರಾತ್ರಿ ಊಟ ಬಿಟ್ಟಳಂತೆ.

ಸಾಮಾನ್ಯವಾಗಿ ಈ ಆಯ್ಕೆಗಳು ಅವಿರೋಧವಾಗಿ, ಪಂಚಾಯಿತಿ ಕಟ್ಟೆಯ ಮೇಲೋ ಹೋಟೆಲಿನ ಬೆಂಚಿನ ಮೇಲೋ ಮುಗಿದುಹೋಗುವಂಥವು. ಹಾಗಾಗಕೂಡದು, ಪ್ರಜಾಪ್ರಭುತ್ವದ ಪಾಠವನ್ನು ಮಕ್ಕಳು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದವರು ನಮ್ಮ ಮೇಷ್ಟ್ರು. ಕರಪತ್ರವೊಂದನ್ನು ತಾವೇ ರಚಿಸಿ ಅಚ್ಚಿಗೆ ಕೊಟ್ಟರು. ಅದರಲ್ಲಿ ಗ್ರಂಥಾಲಯದ ಬೀರು ತೆರೆಯಬೇಕೆಂಬುದರಿಂದ ಹಿಡಿದು ದಾನಿಗಳು ಫ್ಯಾನಿನ ಮೂರು ರೆಕ್ಕೆಗಳ ಮೇಲೂ ತಮ್ಮ ವಂಶಾವಳಿಯನ್ನು ಬರೆಸುವ ಪದ್ಧತಿ ನಿಲ್ಲಬೇಕೆಂಬುದರವರೆಗೆ ಸಕಲ ವಿಷಯಗಳೂ ಇದ್ದುವು. ಅಚ್ಚಿನವನು ‘ಪ್ರಾಮಾಣಿಕ’ದ ದೀರ್ಘವನ್ನು ನುಂಗಿದ್ದ. ಮೇಷ್ಟ್ರು ರಾತ್ರಿಯೆಲ್ಲ ಕುಳಿತು ಪ್ರತಿಯೊಂದು ಪ್ರತಿಯಲ್ಲಿಯೂ ಕೆಂಪು ಶಾಯಿಯಿಂದ ದೀರ್ಘವನ್ನು ತಿದ್ದಿದರು. ಮಾರನೆಯ ದಿನ ಅದನ್ನು ಕೈಗೆ ತೆಗೆದುಕೊಂಡ ಮತದಾರರಲ್ಲಿ ಅನೇಕರು ಕೆಂಪು ಶಾಯಿಯನ್ನು ಕಂಡ ಕೂಡಲೆ, ‘ನಮ್ಮ ಹುಡುಗ ಯಾವುದರಾಗೆ ಫೇಲಾದ ಮೇಷ್ಟ್ರೇ?’ ಎಂದು ಗಾಬರಿಯಿಂದ ಕೇಳಿದರು.

ಮನೆಮನೆಯ ಪ್ರಚಾರವೂ ಇದಕ್ಕಿಂತ ಹೆಚ್ಚು ಫಲಪ್ರದವಾಯಿತೆಂದು ಹೇಳಲಾರೆವು. ಮತ ಕೇಳಲು ಹೋದವರು ಜಗುಲಿಯ ಮೇಲೆ ಕುಳಿತು, ಮಜ್ಜಿಗೆ ಕುಡಿದು, ಮತದ ಮಾತನ್ನು ಎತ್ತುವಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಮಗುವಿನ ಮುಖ ಕಂಡರೆ ಮುಗಿಯಿತು; ‘ಬಾರಯ್ಯ ಇಲ್ಲಿ, ಹದಿನೇಳರ ಮಗ್ಗಿ ಹೇಳು’ ಎಂದುಬಿಡುವರು. ಹದಿನೇಳು ಆರಲೆ ಎಂಬಲ್ಲಿ ಮಗು ನಿಲ್ಲುವುದು, ಮೇಷ್ಟ್ರು ತಂದೆಯ ಕಡೆ ತಿರುಗುವುದು, ತಂದೆಗೂ ಮುಂದಿನದು ತಿಳಿಯದೆ ಆತನು ಸೂರಿನ ಗಳುವನ್ನು ಪರಿಶೀಲಿಸತೊಡಗುವುದು, ಕೊನೆಗೆ ಮನೆಮಂದಿಗೆಲ್ಲ ಪಾಠವಾಗಿ ಮತದ ಪ್ರಸ್ತಾಪ ಮರೆತೇಹೋಗುವುದು. ಬಿಳಿಯ ಅಂಗಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಮಕ್ಕಳೊಂದಿಗೆ ದೊಡ್ಡವರೂ ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದರೆಂದು ವದಂತಿ.

ಇಷ್ಟೇ ಆಗಿದ್ದರೆ ಅವರು ನಾಡಿನ ಎಲ್ಲ ಮೇಷ್ಟ್ರುಗಳಂತೆಯೇ ಒಬ್ಬ ಮೇಷ್ಟ್ರು. ಅವರ ನಿಜಸ್ವರೂಪವನ್ನು ಕಾಣಬೇಕಾದರೆ ಎರಡು ಶಾಲೆಗಳಲ್ಲಿಯೂ ಪೋಷಕರ ಸಭೆ ಒದಗಿದ ಶನಿವಾರ ಅವರ ಬೆನ್ನು ಹಿಡಿದು ಹೋಗಬೇಕು. ಬೆಳಗ್ಗೆ ಕಾನ್ವೆಂಟಿನಲ್ಲಿ, ಇಷ್ಟೊಂದು ಫೀಜು ಕಟ್ಟಿಯೂ ಹುಡುಗನಿಗೆ ಭಾಗಾಕಾರ ಬಾರದೆಂದು ಮಂಡಿಯ ಸಾಹುಕಾರರೊಬ್ಬರು ಗುಡುಗಿದರೆ, ಮೇಷ್ಟ್ರು ಶಾಂತಚಿತ್ತದಿಂದ ಕೇಳುವರು: ‘ಮಗು ಶಾಲೆಯಲ್ಲಿರುವುದು ಏಳು ಗಂಟೆ, ಮನೆಯಲ್ಲಿರುವುದು ಹದಿನೇಳು ಗಂಟೆ. ಹದಿನೇಳರ ಹೊಣೆಯನ್ನು ಮರೆತು ಏಳರ ಲೆಕ್ಕ ಕೇಳುವುದು ಯಾವ ನ್ಯಾಯ, ಸ್ವಾಮಿ?’ ಸಾಹುಕಾರರು ನಿರುತ್ತರರಾಗುವರು. ಮಧ್ಯಾಹ್ನ ಅದೇ ಮೇಷ್ಟ್ರು, ಅದೇ ಅಂಗಿಯಲ್ಲಿ, ಸರ್ಕಾರಿ ಶಾಲೆಯ ಮರದ ಬೆಂಚಿನ ಮೇಲೆ ಮಂಡಿ ಮಡಿಸಲಾರದೆ ಕುಳಿತು, ತಮ್ಮ ಮಗನಿಗೆ ಭಾಗಾಕಾರ ಬಾರದ ವಿಷಯವನ್ನು ಪ್ರಸ್ತಾಪಿಸುವರು. ತರಗತಿಯ ಉಪಾಧ್ಯಾಯಿನಿ ಬಾಲ್ಯದಲ್ಲಿ ಇವರ ಮನೆಪಾಠಕ್ಕೆ ಬರುತ್ತಿದ್ದ ಹುಡುಗಿ; ಗುರುಗಳಿಂದ ಕಲಿತದ್ದನ್ನು ಮರೆತವಳಲ್ಲ. ‘ಸಾರ್, ಮಗು ನಮ್ಮ ಹತ್ತಿರ ಇರೋದು ಏಳು ಗಂಟೆ, ನಿಮ್ಮ ಹತ್ತಿರ ಇರೋದು ಹದಿನೇಳು ಗಂಟೆ’ ಎಂದು ಆಕೆ ವಿನಯದಿಂದ ಆರಂಭಿಸುವಳು. ಆಗ ಮೇಷ್ಟ್ರಿಗೆ ಬರುವ ಕೋಪವು ನೋಡತಕ್ಕದ್ದು. ಉಪಾಧ್ಯಾಯರೆಂದರೆ ನೆಪಗಳ ಭಂಡಾರವೆಂದೂ, ಏಳು ಗಂಟೆ ಎಚ್ಚರವಾಗಿರುವ ಮಗುವನ್ನು ಕೈಗೆ ಕೊಟ್ಟರೆ ಹದಿನೇಳು ಗಂಟೆಯಲ್ಲಿ ಅರ್ಧಕ್ಕರ್ಧ ಮಲಗಿರುವ ಮಗುವಿನ ಮೇಲೆ ದೋಷ ಹೊರಿಸುವುದು ಅಧರ್ಮವೆಂದೂ ಅವರು ಮೇಜು ಕುಟ್ಟಿ ಹೇಳುವರು. ವಾದವು ಅಕಾಟ್ಯವಾದದ್ದು. ಇದನ್ನು ಬೆಳಗಿನ ಸಾಹುಕಾರರಿಗೆ ಯಾರಾದರೂ ತಿಳಿಸಿದ್ದರೆ ಎಷ್ಟು ಉಪಕಾರವಾಗುತ್ತಿತ್ತೋ!

ಇದನ್ನು ಕಪಟವೆಂದು ಭಾವಿಸಬಾರದು. ಬೆಳಗಿನ ಮಾತನ್ನೂ ಮಧ್ಯಾಹ್ನದ ಮಾತನ್ನೂ ಅವರು ಏಕಪ್ರಕಾರವಾದ ಶ್ರದ್ಧೆಯಿಂದಲೇ ಆಡುತ್ತಾರೆ. ಎರಡು ಸಭೆಗಳಲ್ಲಿಯೂ ಅನ್ಯಾಯಕ್ಕೆ ಒಳಗಾದವರು ತಾವೇ ಎಂದು ಅವರಿಗೆ ಪ್ರಾಮಾಣಿಕವಾಗಿ ತೋರುತ್ತದೆ. ಒಂದೇ ಪಕ್ಷದಲ್ಲಿದ್ದುಕೊಂಡು ಇನ್ನೊಂದನ್ನು ನಿಂದಿಸುವ ಸೌಖ್ಯವುಳ್ಳ ನಮ್ಮಂಥವರು ಅವರನ್ನು ಕಂಡು ನಗುವುದು ಸುಲಭ.

ಚುನಾವಣೆಯ ದಿನ ಮೇಷ್ಟ್ರು ಭಾಷಣ ಮಾಡಿದರು. ತಕ್ಷಶಿಲೆಯಿಂದ ಹೊರಟು ನಾಲಂದೆಯಲ್ಲಿ ತಂಗಿ, ಅವರು ಹೋಬಳಿಯ ಗಡಿಗೆ ಬರುವ ಹೊತ್ತಿಗೆ ಬಿಸಿಯೂಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡತೊಡಗಿದ್ದರು. ಆ ಸದ್ದು ಅಡಗಿದ ಮೇಲೆ, ಹಿಂದಿನ ಸಾಲಿನಲ್ಲಿ ಮೊಗ್ಗಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೂ ಕಟ್ಟುತ್ತ ಕುಳಿತಿದ್ದ ಹೆಂಗಸೊಬ್ಬಳು, ದಾರವನ್ನು ಹಲ್ಲಿನಿಂದ ಕತ್ತರಿಸಿ, ಎದ್ದು ನಿಂತಳು. ‘ಹೆಣ್ಣುಮಕ್ಳ ಕಕ್ಕಸಿಗೆ ಬೀಗ ಜಡಿದು ತಿಂಗಳಾತು. ಬೀಗದ ಕೈ ಯಾರ ತಾವ ಐತೆ ಸಾಮಿ?’

ಸಭೆ ಮೌನವಾಯಿತು. ಮುಖ್ಯೋಪಾಧ್ಯಾಯರು ಸಹಶಿಕ್ಷಕರನ್ನು ನೋಡಿದರು, ಸಹಶಿಕ್ಷಕರು ಅಡುಗೆಯವರನ್ನು ನೋಡಿದರು. ನಮ್ಮ ಮೇಷ್ಟ್ರು ತಮ್ಮ ಕರಪತ್ರವನ್ನು ಮೇಲಿನಿಂದ ಕೆಳಕ್ಕೂ, ತಿರುವಿ ಹಾಕಿ ಹಿಂಬದಿಯನ್ನೂ ನೋಡಿದರು. ಸಕಲ ವಿಷಯಗಳೂ ಇದ್ದ ಅದರಲ್ಲಿ ಕಕ್ಕಸಿನ ಬೀಗವೊಂದು ಇರಲಿಲ್ಲ. ಕೈ ಎತ್ತುವ ಹೊತ್ತಿಗೆ ಫಲಿತಾಂಶವನ್ನು ಊಹಿಸಲು ಜೋಯಿಸರು ಬೇಕಾಗಿರಲಿಲ್ಲ. ಮೇಷ್ಟ್ರು ಹದಿನೆಂಟರಲ್ಲಿ ಕೊನೆಯವರಾಗಿ ಸದಸ್ಯರಾದರು; ಹೂವಿನಾಕೆ ಅಧ್ಯಕ್ಷಿಣಿಯಾದಳು. ಆಕೆಯ ಪರವಾಗಿ ಕುರ್ಚಿಯಲ್ಲಿ ಕೂರಲು ಬಂದ ಗಂಡನನ್ನು ಮೊದಲನೆಯ ಸಭೆಯಲ್ಲಿಯೇ ಆಕೆ ಮನೆಗೆ ಅಟ್ಟಿದ್ದು, ನಮ್ಮ ಅಭಿಪ್ರಾಯದಲ್ಲಿ, ಆ ಸಮಿತಿಯ ಅತ್ಯಂತ ಮಹತ್ತ್ವದ ನಿರ್ಣಯ. ನಡಾವಳಿಯಲ್ಲಿ ಅದು ದಾಖಲಾಗಲಿಲ್ಲವೆಂಬುದೊಂದೇ ಕೊರತೆ.

ನಡಾವಳಿಯನ್ನು ಬರೆಯುವ ಕೆಲಸ ಕಾರ್ಯದರ್ಶಿಗಳದಾದರೂ, ಮುಖ್ಯೋಪಾಧ್ಯಾಯರು, ‘ನಿಮ್ಮಂಥ ಅಕ್ಷರ ನಮಗೆಲ್ಲಿ ಬರಬೇಕು ಸಾರ್’ ಎಂದು ಪುಸ್ತಕವನ್ನು ಮೇಷ್ಟ್ರ ಕೈಗೆ ದಾಟಿಸಿದರು. ದಾಟಿಸುವಾಗ ಎದ್ದು ನಿಂತು ಕುರ್ಚಿಯನ್ನೂ ಕೊಟ್ಟರು. ಮೇಷ್ಟ್ರು ಕೃತಾರ್ಥರಾದರು. ಅಂದಿನಿಂದ ಸಮಿತಿಯ ಕಾಗದಪತ್ರಗಳೆಲ್ಲ ಅವರ ಹಸ್ತದಲ್ಲಿಯೇ ಸಿದ್ಧವಾಗುತ್ತವೆ. ಪದೇ ಪದೇ ತಡವಾಗಿ ಬರುವ ಮಕ್ಕಳ ತಂದೆತಾಯಿಗಳಿಗೆ ಎಚ್ಚರಿಕೆಯ ಪತ್ರ ಕಳುಹಿಸತಕ್ಕದ್ದೆಂದು ಎರಡನೆಯ ಸಭೆಯಲ್ಲಿ ತೀರ್ಮಾನವಾಯಿತು. ಮೇಷ್ಟ್ರು ಕಠಿಣವಾದ ಭಾಷೆಯಲ್ಲಿ ಪತ್ರವನ್ನು ರಚಿಸಿ, ಹಾಜರಿ ಪುಸ್ತಕವನ್ನು ನೋಡಿ ವಿಳಾಸ ಬರೆಯುತ್ತ ಹೋದರೆ, ಪಟ್ಟಿಯಲ್ಲಿ ತಮ್ಮ ಮಗನ ಹೆಸರೂ ಇತ್ತು. ಪಕ್ಷಪಾತವೆಂಬುದನ್ನರಿಯದ ಅವರು ಅದನ್ನೂ ಬರೆದು, ಮಗನ ಕೈಯಲ್ಲಿಯೇ ಮನೆಗೆ ಕಳುಹಿಸಿದರು. ಸಂಜೆ ಮನೆಯಲ್ಲಿ ಅದನ್ನು ಒಡೆದು ಓದಿದ ತಂದೆಗೆ ಒಕ್ಕಣೆ ಬಹಳ ಉದ್ಧಟವೆಂದು ತೋರಿತು. ಬೆಳಗ್ಗೆ ನಲ್ಲಿ ನೀರು ಬರುವುದೇ ಎಂಟೂವರೆಗೆಂಬ ಸಂಗತಿಯನ್ನು ಲಕ್ಷಿಸದೆ ಗೃಹಸ್ಥರನ್ನು ಹೀಗೆ ಅವಮಾನಿಸುವುದು ಸಮಿತಿಗೆ ಶೋಭಿಸದೆಂದು ಅವರು ಎರಡು ಪುಟದ ಆಕ್ಷೇಪಣೆಯನ್ನು ಬರೆದರು. ಮುಂದಿನ ವಾರ ಸಮಿತಿಯ ಪರವಾಗಿ ಅದಕ್ಕೆ ಮೂರು ಪುಟದ ಸಮಾಧಾನವನ್ನೂ ಅವರೇ ಬರೆದರು. ಪತ್ರವ್ಯವಹಾರವು ಇನ್ನೂ ನಡೆಯುತ್ತಿದೆ. ಈ ವಿಚಾರದಲ್ಲಿ ತೀರ್ಪು ಕೊಡಲಾರದ ಮುಖ್ಯೋಪಾಧ್ಯಾಯರು, ಎರಡು ಕಡೆಯವರ ಅಕ್ಷರವೂ ಬಹಳ ದುಂಡಗಿದೆ ಎಂದಷ್ಟೇ ಹೇಳುತ್ತಾರೆ.